ಸೂಲಗಿತ್ತಿಗೆ ಪದ್ಮಶ್ರೀ ಕೊಟ್ಟಿರಿ, ಒಂದು ಕೋಣೆಯನ್ನೂ ಕೊಡಿ

ಮಾನ್ಯ ಆರೋಗ್ಯ ಸಚಿವರಿಗೆ,
ವಿಧಾನಸೌಧ, ಬೆಂಗಳೂರು.

ನಮಸ್ಕಾರ ಸಾರ್.

ನಾನು ತುಮಕೂರು ಜಿಲ್ಲೆಯವಳು. 1984ರಲ್ಲಿ ಎಎನ್‌ಎಂ (ಆಕ್ಸಿಲಿಯರಿ ನರ್ಸ್ ಮಿಡ್‌ವೈಫ್) ಆಗಿ ಕೆಲಸಕ್ಕೆ ಸೇರಿದೆ, 2024ರಲ್ಲಿ ನಿವೃತ್ತಿಯಾದೆ. ಎಎನ್‌ಎಂ ಅಂದರೆ ಊರಿನವರಿಗೆ ತಿಳಿಯುವುದಿಲ್ಲ, ನರ್ಸಮ್ಮ ಅಂದರೆ ತಿಳಿಯುತ್ತದೆ. ಇಲಾಖೆಯಲ್ಲಿದ್ದ ನಲವತ್ತು ವರ್ಷ ಮೇಲಿನವರಿಗೆ ಬರೆದದ್ದೆಲ್ಲ ರಜೆ ಅರ್ಜಿ, ತಿಂಗಳ ವರದಿ, ಮೆಮೋಗೆ ಉತ್ತರ. ಈಗ ಮೆಮೋ ಕೊಡುವವರು ಯಾರೂ ಇಲ್ಲ. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

2018ರ ಡಿಸೆಂಬರ್ ತಿಂಗಳನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಆ ತಿಂಗಳ 25ರಂದು ನಮ್ಮ ಜಿಲ್ಲೆಯ ಸೂಲಗಿತ್ತಿ ನರಸಮ್ಮ ತೀರಿಕೊಂಡರು. ಪಾವಗಡ ತಾಲ್ಲೂಕಿನ ಕೃಷ್ಣಾಪುರದವರು. 15 ಸಾವಿರಕ್ಕೂ ಜಾಸ್ತಿ ಹೆರಿಗೆ ಮಾಡಿಸಿದ ಕೈ ಅದು. ಅಕ್ಷರ ಕಲಿತವರಲ್ಲ, ಕಾಸು ಕೇಳಿದವರಲ್ಲ. ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತ್ತು, ಅದೇ 2018ರಲ್ಲಿ ಪದ್ಮಶ್ರೀಯೂ ಬಂದಿತ್ತು. ಅದೇ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಇನ್ನೊಂದು ಕೆಲಸ ನಡೆಯಿತು. ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ತರಬೇತಾದ ಸೂಲಗಿತ್ತಿಯರನ್ನು ನೇಮಿಸಬೇಕು, ತೊಂದರೆಯಿಲ್ಲದ ಹೆರಿಗೆಗಳನ್ನು ಅವರೇ ನಡೆಸುವ ಪ್ರತ್ಯೇಕ ಘಟಕಗಳಿರಬೇಕು ಎಂದು ಕೇಂದ್ರ ಸರ್ಕಾರ ಮಾರ್ಗಸೂಚಿ ಹೊರಡಿಸಿತು. ನರಸಮ್ಮನವರ ಸಾವು ಎಲ್ಲ ಪೇಪರ್‌ನಲ್ಲೂ ಬಂತು. ಮಾರ್ಗಸೂಚಿ ಬಂದದ್ದು ನಮ್ಮಂಥ ನರ್ಸುಗಳಿಗೇ ಗೊತ್ತಾಗಲಿಲ್ಲ. ನಮ್ಮ ತಾಲ್ಲೂಕಿನಲ್ಲಿ ಅಂಥ ಘಟಕ ಇವತ್ತಿಗೂ ಇಲ್ಲ. ಈ ಪತ್ರ ಅದನ್ನು ಕೇಳುವುದಕ್ಕೆ.

ಹಳೇ ಕಾಲವೇ ಚೆಂದ, ಮನೆಯಲ್ಲೇ ಹೆರಿ ಎನ್ನುವವಳು ನಾನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಿಮ್ಮ ಅಧಿಕಾರಿಗಳು ಎರಡನೇ ಪುಟಕ್ಕೇ ಬರುವುದಿಲ್ಲ.

ನಾನು ಕೆಲಸಕ್ಕೆ ಸೇರಿದ ಉಪಕೇಂದ್ರದ ಊರಿನಲ್ಲಿ ಒಬ್ಬ ಅಜ್ಜಿ ಇದ್ದರು. ಎಲ್ಲರೂ ಸೂಲಗಿತ್ತಿ ಅಂತಲೇ ಕರೆಯುತ್ತಿದ್ದರು. ಆಕೆಯ ಹೆಸರು ನನಗೆ ತಿಳಿದದ್ದು ಎರಡು ವರ್ಷದ ಮೇಲೆ, ರೇಷನ್ ಕಾರ್ಡ್ ನೋಡಿದಾಗ. ಸೂಲು ಅಂದರೆ ಹೆರಿಗೆ. ಈಗ ಆ ಮಾತು ಉಳಿದಿರುವುದು ದನದ ಸಂತೆಯಲ್ಲಿ ಮಾತ್ರ, ‘ಎರಡನೇ ಸೂಲಿನ ಹಸು’ ಅಂತ. ಇರಲಿ. ಹತ್ತೊಂಬತ್ತು ಇಪ್ಪತ್ತರ ವಯಸ್ಸಿನ, ಬಿಳೀ ಸೀರೆಯ ಹುಡುಗಿ ನಾನು. ಹದಿನೆಂಟು ತಿಂಗಳ ಕೋರ್ಸ್ ಮುಗಿಸಿದ ಜಂಬ ಬೇರೆ. ಆಕೆ ಎಲೆಅಡಿಕೆ ಹಾಕಿಕೊಂಡು ಮೂಲೆಯಲ್ಲಿ ಸುಮ್ನೆ ಕೂತಿರುತ್ತಿದ್ದರು. ಚೊಚ್ಚಲ ಬಸುರಿ ಒಂದು ಕಡೆ ನೋವು ತಿನ್ನುತ್ತಿದ್ದರೆ ನನಗೆ ಕೈಕಾಲು ಆಡುತ್ತಿರಲಿಲ್ಲ. ಅಜ್ಜಿ ಅವಳನ್ನು ಎಬ್ಬಿಸಿ ಅಂಗಳದಲ್ಲಿ ಓಡಾಡಿಸುತ್ತಿದ್ದರು. ಬಿಸಿನೀರು ಹುಯ್ಯುತ್ತಿದ್ದರು. ಸೊಂಟಕ್ಕೆ ಹರಳೆಣ್ಣೆ ತಿಕ್ಕುತ್ತಿದ್ದರು. ನೋವು ಬಲಿತ ಮೇಲೆ ಜಂತೆಗೆ ಕಟ್ಟಿದ ಹಗ್ಗ ಹಿಡಿಸಿ ಕುಕ್ಕರಗಾಲಲ್ಲಿ ಕೂರಿಸುತ್ತಿದ್ದರು. ನಾನು ಪದೇ ಪದೇ ಗಡಿಯಾರ ನೋಡಿದರೆ ಬೈಯುತ್ತಿದ್ದರು. ‘ಬತ್ತೈತೆ ಬಿಡವ್ವ. ಅದುಕ್ಕೂ ದಾರಿ ಗೊತ್ತೈತೆ.’

ಒಂದು ಸಲ ಹೊಟ್ಟೆ ಸವರಿ ನೋಡಿ ಕೈ ತೆಗೆದುಬಿಟ್ಟರು. ‘ಅಡ್ಡ ಮಲಗೈತೆ, ನನ್ನ ಕೈಲಾಗಕಿಲ್ಲ, ಗಾಡಿ ಕಟ್ಟ್ರಿ’ ಅಂದರು. ನಾನು ಸ್ಟೆತಸ್ಕೋಪ್ ಕಿವಿಗೆ ಹಾಕುವ ಮೊದಲೇ ಹೇಳಿದ ಮಾತು ಅದು. ತಾಲ್ಲೂಕು ಆಸ್ಪತ್ರೆಯಲ್ಲಿ ಸಿಸೇರಿಯನ್ ಆಯಿತು, ತಾಯಿ ಮಗು ಎರಡೂ ಉಳಿದವು. ಹೆರಿಗೆ ಮಾಡಿಸುವುದು ಎಷ್ಟು ವಿದ್ಯೆಯೋ, ಯಾವಾಗ ಕೈಬಿಡಬೇಕು ಎನ್ನುವುದೂ ಅಷ್ಟೇ ವಿದ್ಯೆ. ನನಗೆ ಅದನ್ನು ಕಲಿಸಿದ್ದು ಕೋರ್ಸ್ ಅಲ್ಲ.

ಆದರೆ ಇನ್ನೊಂದು ರಾತ್ರಿಯನ್ನೂ ಹೇಳಬೇಕು. ಮಗು ಚೆನ್ನಾಗಿ ಹುಟ್ಟಿತು, ಕಸವೂ (ಮಾಸು) ಬಿತ್ತು. ಆಮೇಲೆ ರಕ್ತ ನಿಲ್ಲಲೇ ಇಲ್ಲ. ನನ್ನ ಹತ್ತಿರ ಇದ್ದ ಇಂಜೆಕ್ಷನ್ ಕೊಟ್ಟೆ. ಟ್ರ್ಯಾಕ್ಟರ್‌ನಲ್ಲಿ ಹಾಕಿಕೊಂಡು ಹೊರಟೆವು. ಅರ್ಧ ದಾರಿಯಲ್ಲಿ ಆ ಹುಡುಗಿ ನನ್ನ ತೊಡೆಯ ಮೇಲೇ ಹೋದಳು. ಅಜ್ಜಿಗೆ ಆ ರಕ್ತ ನಿಲ್ಲಿಸುವ ದಾರಿ ಗೊತ್ತಿರಲಿಲ್ಲ, ನನಗೂ ಇರಲಿಲ್ಲ. ಹೊಕ್ಕುಳ ಬಳ್ಳಿಯನ್ನು ಕುಡುಗೋಲಿನಲ್ಲಿ ಕೊಯ್ದು ಸಗಣಿ ಬೂದಿ ಹಚ್ಚುತ್ತಿದ್ದ ಮನೆಗಳನ್ನೂ ಕಂಡಿದ್ದೇನೆ. ಎಂಟು ದಿನಕ್ಕೆ ಆ ಮಕ್ಕಳು ಧನುರ್ವಾಯುವಿನಲ್ಲಿ ಸೆಟೆದುಕೊಂಡು ಸಾಯುತ್ತಿದ್ದವು. ಚುಚ್ಚುಮದ್ದು, ಶುದ್ಧ ಬ್ಲೇಡು, ಶುದ್ಧ ದಾರ ಅಂತ ಮನೆ ಮನೆ ತಿರುಗಿದ್ದು ನಾವು. ಭಾರತ ಆ ಕಾಯಿಲೆಯನ್ನು ಗೆದ್ದಿದೆ ಎಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದಾಗ ಉಪಕೇಂದ್ರದ ಬಾಗಿಲು ಹಾಕಿಕೊಂಡು ಅತ್ತಿದ್ದೆ.

ಆ ಅಜ್ಜಿ ಯಾವ ಕೇರಿಯವರು ಎಂದು ನಾನು ಹೇಳಬೇಕಿಲ್ಲ, ನೀವೇ ಊಹಿಸುತ್ತೀರಿ. ನಮ್ಮ ಕಡೆ ಈ ಕೆಲಸ ಬಹಳ ಮಟ್ಟಿಗೆ ದಲಿತ ಹೆಂಗಸರದು, ಕ್ಷೌರಿಕರ ಮನೆಯ ಹೆಂಗಸರದು. ಹೆರಿಗೆಯ ರಾತ್ರಿ ನಡುಮನೆ ದಾಟಿ ಒಳಕೋಣೆಗೆ ಬಾ ಅಂತ ಕರೆಯುತ್ತಿದ್ದರು. ಪುಣ್ಯಾಹ ಆದ ಮೇಲೆ ಅದೇ ಅಜ್ಜಿಗೆ ಜಗಲಿಯ ಕೆಳಗೆ ಊಟ. ಒಂದು ಸೀರೆ, ಎರಡು ಸೇರು ರಾಗಿ, ಎಲೆಅಡಿಕೆ. ಅದೂ ಗಂಡು ಹುಟ್ಟಿದರೆ. ಸರ್ಕಾರವೂ ಇದಕ್ಕಿಂತ ಬಹಳ ಬೇರೆಯಾಗಿ ನಡೆದುಕೊಳ್ಳಲಿಲ್ಲ ಬಿಡಿ. ಒಂದು ತಿಂಗಳ ದಾಯಿ ತರಬೇತಿ ಕೊಟ್ಟು, ಸೋಪು ಬ್ಲೇಡಿನ ಡಬ್ಬಿ ಕೈಗಿಟ್ಟಿತು. ಆಮೇಲೆ ಆಸ್ಪತ್ರೆ ಹೆರಿಗೆಯ ಕಾಲ ಬಂತು, ನೀನು ಬೇಡ ಅಂದಿತು.

ನಮಗಾದದ್ದು ಇನ್ನೂ ವಿಚಿತ್ರ. ಎಎನ್‌ಎಂ ಎನ್ನುವ ಹೆಸರಿನ ಕೊನೆಯ ಅಕ್ಷರವೇ ಸೂಲಗಿತ್ತಿಯದು, ‘ಎಂ’ ಅಂದರೆ ಮಿಡ್‌ವೈಫ್. 1973ರ ಕರ್ತಾರ್ ಸಿಂಗ್ ಸಮಿತಿಯ ಶಿಫಾರಸಿನ ಮೇಲೆ ನಮ್ಮನ್ನು ಎಲ್ಲ ಕೆಲಸ ಮಾಡುವ ಆರೋಗ್ಯ ಕಾರ್ಯಕರ್ತೆಯರನ್ನಾಗಿ ಮಾಡಿದರು. ನಾನು ಸೇರುವ ಹೊತ್ತಿಗೆ ಹುದ್ದೆ ‘ಕಿರಿಯ ಆರೋಗ್ಯ ಸಹಾಯಕಿ’ ಆಗಿತ್ತು. ಸಂತಾನಹರಣ ಆಪರೇಷನ್ ಟಾರ್ಗೆಟ್, ಮಲೇರಿಯಾ ರಕ್ತಲೇಪನ, ಲಸಿಕೆ, ಪೋಲಿಯೋ, ಮೇಲೆ ರಿಜಿಸ್ಟರ್‌ಗಳ ರಾಶಿ. ಹೆರಿಗೆ ಮಾಡಿಸುವ ಕೈ ರೂಲ್ಡ್ ಪುಸ್ತಕಕ್ಕೆ ಗೆರೆ ಎಳೆಯುತ್ತಾ ಕೂತಿತು. ಸೇರಿದ ಮೊದಲ ಐದು ವರ್ಷದಲ್ಲಿ ನಾನು ಮಾಡಿಸಿದಷ್ಟು ಹೆರಿಗೆಯನ್ನು ಕೊನೆಯ ಇಪ್ಪತ್ತು ವರ್ಷದಲ್ಲಿ ಮಾಡಿಸಲಿಲ್ಲ.

ಆಸ್ಪತ್ರೆಗೆ ಬಂದದ್ದು ತಪ್ಪೇ? ಖಂಡಿತ ಅಲ್ಲ. ಆಸ್ಪತ್ರೆಯಲ್ಲಿ ಹೆತ್ತರೆ ಹಣ ಕೊಡುವ 2005ರ ಜನನಿ ಸುರಕ್ಷಾ ಯೋಜನೆ, 2008ರ 108 ಆಂಬುಲೆನ್ಸ್, ಆಶಾ ಹೆಣ್ಣುಮಕ್ಕಳ ಓಡಾಟ, ಇವೆಲ್ಲ ಸೇರಿ ದೊಡ್ಡ ಕೆಲಸ ಮಾಡಿವೆ. 2001-03ರಲ್ಲಿ ನಮ್ಮ ರಾಜ್ಯದಲ್ಲಿ ಒಂದು ಲಕ್ಷ ಹೆರಿಗೆಗೆ 228 ತಾಯಂದಿರು ಸಾಯುತ್ತಿದ್ದರು. 2018-20ರ ಲೆಕ್ಕದಲ್ಲಿ ಅದು 69. ನನ್ನ ತೊಡೆಯ ಮೇಲೆ ಹೋದ ಆ ಹುಡುಗಿ ಇವತ್ತಾಗಿದ್ದರೆ ಬದುಕುತ್ತಿದ್ದಳು.

ನನ್ನ ತಕರಾರು ಆಸ್ಪತ್ರೆಗೆ ಬಂದ ಮೇಲೆ ನಡೆಯುವುದರ ಬಗ್ಗೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015-16ರಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಶೇ. 23.6 ಸಿಸೇರಿಯನ್. 2019-21ರಲ್ಲಿ ಶೇ. 31.5. ಖಾಸಗಿ ಆಸ್ಪತ್ರೆಗಳನ್ನಷ್ಟೇ ನೋಡಿದರೆ ಶೇ. 52.5. ಅಂದರೆ ಎರಡರಲ್ಲಿ ಒಂದಕ್ಕಿಂತ ಜಾಸ್ತಿ. ಒಂದು ಜನಸಮುದಾಯದಲ್ಲಿ ಸಿಸೇರಿಯನ್ ಶೇ. 10 ದಾಟಿದ ಮೇಲೆ, ಅದು ಹೆಚ್ಚಾದ ಮಾತ್ರಕ್ಕೆ ತಾಯಿ ಮಗುವಿನ ಸಾವು ಇಳಿದದ್ದು ಕಾಣುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಒಮ್ಮೆ ಕೊಯ್ದ ಗರ್ಭಕೋಶದ ಗಾಯದ ಗುರುತಿನ ಮೇಲೇ ಮುಂದಿನ ಸಲದ ಕಸ ಕೂತುಬಿಟ್ಟರೆ ಏನಾಗುತ್ತದೆ ಎಂದು ನಿಮ್ಮ ಇಲಾಖೆಯ ಯಾವ ಪ್ರಸೂತಿ ತಜ್ಞರನ್ನಾದರೂ ಕೇಳಿ.

ಇದಕ್ಕೆಲ್ಲ ಡಾಕ್ಟರ ದುಡ್ಡಿನ ಆಸೆಯೇ ಕಾರಣ ಎಂದು ಜನ ಸುಲಭವಾಗಿ ಹೇಳುತ್ತಾರೆ. ಪೂರ್ತಿ ನಿಜ ಅಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಇರುವುದು ಒಬ್ಬರೋ ಇಬ್ಬರೋ ಪ್ರಸೂತಿ ಡಾಕ್ಟರು. ಅರಿವಳಿಕೆ ಡಾಕ್ಟರು ಸಂಜೆಗೆ ಹೊರಡುತ್ತಾರೆ. ರಾತ್ರಿ ಏನಾದರೂ ಆದರೆ ಜನ ಬಂದು ಗಾಜು ಒಡೆಯುತ್ತಾರೆ. ಹೀಗಿದ್ದಾಗ ಮಧ್ಯಾಹ್ನವೇ ಆಪರೇಷನ್ ಮಾಡಿ ಮುಗಿಸೋಣ ಅಂತ ಅನಿಸದೆ ಇರುತ್ತದೆಯೇ? ಒಳ್ಳೇ ನಕ್ಷತ್ರ ನೋಡಿ, ಜೋಯಿಸರ ಚೀಟಿ ಹಿಡಿದು ಬರುವ ಮನೆಯವರೂ ಕಡಿಮೆಯೇನಿಲ್ಲ. ಸಹಜ ಹೆರಿಗೆಗೆ ಬೇಕಾದದ್ದು ಒಂದೇ, ಪಕ್ಕದಲ್ಲಿ ಹನ್ನೆರಡು ತಾಸು ಕೂರುವ ತಿಳಿದ ಹೆಂಗಸು. ಆ ಹುದ್ದೆಯೇ ನಮ್ಮಲ್ಲಿ ಇಲ್ಲವಲ್ಲ ಸಾರ್.

ನನ್ನ ಮಗಳ ಹೆರಿಗೆಯ ಮಾತು ಹೇಳುತ್ತೇನೆ. ಆಸ್ಪತ್ರೆ ಯಾವುದು ಎಂದು ಹೇಳುವುದಿಲ್ಲ, ಯಾವುದಾದರೂ ಆಗಬಹುದಿತ್ತು. ನೋವು ಶುರುವಾದ ಕೂಡಲೇ ಅಂಗಾತ ಮಲಗಿಸಿ ಗ್ಲೂಕೋಸ್ ಹಾಕಿದರು. ಅಮ್ಮ ಬರಲಿ ಅಂತ ಅವಳು ಕೇಳಿದರೆ ‘ಇಲ್ಲೇನು ಸಂತೆಯಾ’ ಅಂದರು. ನಾನೂ ನರ್ಸೇ ಅಂದೆ. ಬಾಗಿಲು ಹಾಕಿದರು. ಎಂಟು ತಾಸಾದ ಮೇಲೆ ‘ಮುಂದಕ್ಕೆ ಹೋಗ್ತಿಲ್ಲ, ಸೈನ್ ಮಾಡಿ’ ಅಂತ ಹಾಳೆ ತಂದರು. ಆ ಸಿಸೇರಿಯನ್ ಬೇಕಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಬೇಕಿದ್ದಿರಲೂಬಹುದು. ಎಂಟು ತಾಸು ನನ್ನ ಮಗಳು ಒಬ್ಬಳೇ ಇದ್ದಳು, ನನ್ನ ಸಿಟ್ಟು ಅದಕ್ಕೆ. ಆ ಅಜ್ಜಿ ನನ್ನ ಮುಂದೆ ಒಬ್ಬ ಬಸುರಿಯನ್ನೂ ಹಾಗೆ ಬಿಟ್ಟು ಎದ್ದುಹೋಗಿರಲಿಲ್ಲ.

ಸರ್ಕಾರಿ ಹೆರಿಗೆ ವಾರ್ಡಿಗೆ ಮನೆಯ ಒಬ್ಬ ಹೆಂಗಸನ್ನು ಜೊತೆಗೆ ಬಿಡಬೇಕು ಎಂದು ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. ಹೀಗೆ ಜೊತೆ ಇದ್ದರೆ ಸಹಜ ಹೆರಿಗೆ ಹೆಚ್ಚುತ್ತದೆ, ಸಿಸೇರಿಯನ್ ಇಳಿಯುತ್ತದೆ ಎಂದು ಬೇರೆ ಬೇರೆ ದೇಶಗಳ 15 ಸಾವಿರಕ್ಕೂ ಹೆಚ್ಚು ಹೆಂಗಸರ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದವರು ಹೇಳಿದ್ದಾರೆ. ನರಸಮ್ಮನವರ ಲೆಕ್ಕವೂ ಸುಮಾರು ಅಷ್ಟೇ, ನೋಡಿ. ಹೆರುವವಳನ್ನು ಓಡಾಡಲು ಬಿಡಿ, ಅವಳಿಗೆ ಬೇಕಾದ ಹಾಗೆ ಕೂರಲು ಬಿಡಿ, ಹೊಟ್ಟೆ ಮೇಲಿಂದ ಒತ್ತಬೇಡಿ, ಎಲ್ಲರಿಗೂ ಹೆರಿಗೆ ದಾರಿ ಕೊಯ್ದು ಹೊಲಿಗೆ ಹಾಕಬೇಡಿ, ಗರ್ಭಕೋಶದ ಬಾಯಿ ತಾಸಿಗೆ ಒಂದು ಸೆಂಟಿಮೀಟರ್ ತೆರೆಯಲೇಬೇಕು ಅಂತ ಆತುರಪಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿತು. ಓದಿದಾಗ ನನಗೆ ಅಜ್ಜಿಯ ಬೈಗುಳವೇ ಕೇಳಿದ ಹಾಗಾಯಿತು.

ಪಕ್ಕದ ತೆಲಂಗಾಣವನ್ನು ನೋಡಿ. ಅದೇ 2019-21ರ ಸಮೀಕ್ಷೆಯಲ್ಲಿ ಅಲ್ಲಿ ಸಿಸೇರಿಯನ್ ಶೇ. 60.7 ಇತ್ತು, ದೇಶದಲ್ಲೇ ಮೊದಲು. ಆದರೆ ಆ ರೋಗಕ್ಕೆ ಮದ್ದು ಹುಡುಕಿದ್ದೂ ಅವರೇ. ಕೇಂದ್ರದ ಮಾರ್ಗಸೂಚಿ ಬರುವ ಮೊದಲೇ, 2017ರಲ್ಲಿ, ಸರ್ಕಾರಿ ನರ್ಸುಗಳನ್ನು ಆರಿಸಿ ಹದಿನೆಂಟು ತಿಂಗಳ ಸೂಲಗಿತ್ತಿ ತರಬೇತಿ ಶುರುಮಾಡಿದರು. ಶ್ರೀಲಂಕಾದಲ್ಲಂತೂ ಊರೂರಿಗೆ ತರಬೇತಾದ ಸೂಲಗಿತ್ತಿ ಇರುವುದು ನಮ್ಮ ಅಜ್ಜಿಯರ ಕಾಲದಿಂದ ಬಂದ ಪದ್ಧತಿ. ಹೆರಿಗೆಯಲ್ಲಿ ತಾಯಂದಿರನ್ನು ಉಳಿಸಿಕೊಳ್ಳುವುದರಲ್ಲಿ ಆ ಸಣ್ಣ ದೇಶ ನಮಗಿಂತ ಎಷ್ಟೋ ಮುಂದಿದೆ.

ಹಾಗಾಗಿ ನಾನು ಕೇಳುವುದು ದೊಡ್ಡದೇನಲ್ಲ. ಹೆರಿಗೆ ಜಾಸ್ತಿ ಆಗುವ ತಾಲ್ಲೂಕು ಆಸ್ಪತ್ರೆಗಳಲ್ಲಿ, ಆಪರೇಷನ್ ಥಿಯೇಟರ್‌ಗೆ ಹತ್ತಿರದಲ್ಲೇ, ಸೂಲಗಿತ್ತಿಯರ ಘಟಕ ಮಾಡಿ. ಹತ್ತಿರದಲ್ಲೇ ಇರಬೇಕು, ಅದರಲ್ಲಿ ರಾಜಿ ಬೇಡ. ಟ್ರ್ಯಾಕ್ಟರ್ ಇನ್ನು ಸಾಕು. ತರಬೇತಿ ಮುಗಿಸಿ ಬಂದ ನರ್ಸನ್ನು ಮಾರನೇ ದಿನವೇ ಡೆಂಗಿ ವಾರ್ಡಿಗೆ ಹಾಕಬೇಡಿ. ನಮ್ಮ ಇಲಾಖೆಯಲ್ಲಿ ಹೀಗೆಯೇ ಆಗುವುದು, ನಾನು ನಲವತ್ತು ವರ್ಷ ನೋಡಿದ್ದೇನೆ. ಅವಳಿಗೆ ಬೇರೆ ಹುದ್ದೆ, ಬೇರೆ ಬಡ್ತಿ ಇರಲಿ. ಇದು ನಾರ್ಮಲ್ ಎಂದು ಅವಳು ಹೇಳಿದರೆ ಆ ಮಾತಿಗೆ ಬೆಲೆ ಇರಲಿ. ಡಾಕ್ಟರನ್ನು ಕರೆಯಿರಿ ಎಂದರೆ ಡಾಕ್ಟರು ಬರಲಿ. ಆಯ್ಕೆ ಮಾಡುವಾಗ ಸೂಲಗಿತ್ತಿಯರ ಮನೆತನದ ಹೆಣ್ಣುಮಕ್ಕಳು ಬಿಎಸ್ಸಿ ನರ್ಸಿಂಗ್ ಮಾಡಿದ್ದರೆ ಅವರನ್ನು ಹುಡುಕಿ ಕರೆಯಿರಿ. ಇದ್ದಾರೆ, ನನಗೇ ಇಬ್ಬರು ಗೊತ್ತು. ಮತ್ತೆ, ಪ್ರತಿ ಆಸ್ಪತ್ರೆಯೂ, ಖಾಸಗಿಯೂ ಸೇರಿ, ಹೋದ ತಿಂಗಳು ಎಷ್ಟು ಹೆರಿಗೆ, ಎಷ್ಟು ಸಿಸೇರಿಯನ್ ಎಂದು ಬಾಗಿಲಲ್ಲೇ ಬೋರ್ಡಿನ ಮೇಲೆ ಬರೆಯಲಿ. ಬಸ್ ಸ್ಟ್ಯಾಂಡಿನಲ್ಲಿ ವೇಳಾಪಟ್ಟಿ ಬರೆಯುತ್ತಾರಲ್ಲ, ಹಾಗೆ.

ಜಾಗ ಇಲ್ಲ ಎಂದು ನಿಮಗೆ ಟಿಪ್ಪಣಿ ಬರುತ್ತದೆ. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಥಿಯೇಟರ್ ಪಕ್ಕ ಒಂದು ಕೋಣೆ ಇದೆ. ಎರಡು ಕಿಟಕಿ, ಒಳಗೇ ಬಚ್ಚಲು. ಈಗ ಮುರಿದ ಮಂಚ, ಹಳೇ ರಿಜಿಸ್ಟರ್ ತುಂಬಿದ್ದಾರೆ. ಆ ರಿಜಿಸ್ಟರ್‌ಗಳಲ್ಲಿ ನನ್ನ ಕೈಬರಹದವೂ ಇವೆ. ನೀವು ಬರುವ ದಿನ ತಿಳಿಸಿದರೆ ನಾನೇ ಬಂದು ಗುಡಿಸಿಡುತ್ತೇನೆ. ಬೀಗದ ಕೈ ಸ್ಟೋರ್ ಕೀಪರ್ ಹತ್ತಿರ ಇರುತ್ತದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ನರ್ಸಮ್ಮ,
ತುಮಕೂರು ಜಿಲ್ಲೆ