ಗೇಟಿನ ಪಕ್ಕದ ಕೇಪುಳಕ್ಕೆ ಗೊಬ್ಬರ ಬೇಡ, ನೀರು ಬದಲಿಸಿ

ಹೋಮ್‌ಸ್ಟೆಡ್, ಫ್ಲಾರಿಡಾ
ಫೆಬ್ರವರಿ 22

ತೀರ್ಥರೂಪ ಅಪ್ಪನವರಿಗೆ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ಕೇಪುಳ ಹೂವಿನ ಗಿಡದ ಎಲೆ ಹಳದಿಯಾಗಿದೆ, ಡಿಎಪಿ ಗೊಬ್ಬರ ಹಾಕಲಾ ಅಂತ ಕೇಳಿ ನೀವು ವಾಟ್ಸಾಪ್‌ನಲ್ಲಿ ಕಳಿಸಿದ ನಾಲ್ಕೂ ಫೋಟೋ ನೋಡಿದೆ. ಫೋನಿನಲ್ಲಿ ಹೇಳಿದರೆ ಗ್ರಾಂ, ಲೀಟರ್ ಎಲ್ಲ ಕಲಸಿಹೋಗುತ್ತೆ, ಅದಕ್ಕೇ ಕಾಗದ ಬರೀತಿದ್ದೀನಿ. ಓದಿದ ಮೇಲೆ ಫ್ರಿಜ್ ಬಾಗಿಲಿಗೆ ಅಂಟಿಸಿಡೋಕೆ ಅಮ್ಮನಿಗೆ ಹೇಳಿ.

ಗೇಟಿನ ಪಕ್ಕದ ಕೇಪುಳಕ್ಕೆ ಹಸಿವಾಗಿಲ್ಲ, ಡಿಎಪಿ ಹಾಕಬೇಡಿ. ನಿಮ್ಮದೇ ಮೂರನೇ ಫೋಟೋ ದೊಡ್ಡದು ಮಾಡಿ ನೋಡಿ. ರೆಂಬೆ ತುದಿಯ ಎಳೆ ಎಲೆ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿದೆ, ನರಗಳು ಮಾತ್ರ ಹಸಿರು ಪೆನ್ನಿನಲ್ಲಿ ಗೆರೆ ಎಳೆದ ಹಾಗಿವೆ. ಅದೇ ರೆಂಬೆಯಲ್ಲಿ ನಾಲ್ಕು ಗೆಣ್ಣು ಕೆಳಗಿನ ಹಳೇ ಎಲೆ ಕಡುಹಸಿರಾಗಿದೆ. ಇದು ಕಬ್ಬಿಣದ ಕೊರತೆ. ಸಾರಜನಕವೋ ಮೆಗ್ನೀಸಿಯಮ್ಮೋ ಕಡಿಮೆಯಾದರೆ ಗಿಡ ಹಳೇ ಎಲೆಯಿಂದ ಕಿತ್ತು ಚಿಗುರಿಗೆ ಕೊಡುತ್ತೆ, ಆಗ ಮೊದಲು ಹಳದಿಯಾಗೋದು ಕೆಳಗಿನ ಎಲೆ. ಕಬ್ಬಿಣ ಹಾಗಲ್ಲ, ಒಂದು ಎಲೆಗೆ ಸೇರಿದ್ದು ಅಲ್ಲೇ ಉಳಿಯುತ್ತೆ. ಬೇರಿನಿಂದ ಬರೋದು ನಿಂತ ದಿನದಿಂದ ಹುಟ್ಟಿದ ಎಲೆಗಳೆಲ್ಲ ಬಿಳಚಿಕೊಳ್ಳುತ್ತವೆ. ಮೇಲಿನದು, ಕೆಳಗಿನದು ಎಲ್ಲ ಒಟ್ಟಿಗೆ ಹಳದಿಯಾಗಿ ಜೋತುಬಿದ್ದರೆ ಅದು ಬೇರೆ ಕಥೆ: ನೀರು ನಿಂತು ಬೇರು ಕೊಳೆತಿರುತ್ತೆ. ನಮ್ಮದು ಹಾಗಾಗಿಲ್ಲ.

ಕೆಮ್ಮಣ್ಣಿನಲ್ಲಿ ಕಬ್ಬಿಣಕ್ಕೇನು ಬರ ಅಂತ ನೀವು ಕೇಳ್ತೀರಿ. ಬೆಂಗಳೂರಿನ ಮಣ್ಣು ಕೆಂಪಾಗಿರೋದೇ ಕಬ್ಬಿಣದ ತುಕ್ಕಿನಿಂದ. ಇದೆ, ಬೇಕಾದಷ್ಟಿದೆ, ಆದರೆ ಕರಗಲ್ಲ. ಪಿಎಚ್ ಅಂದರೆ ಹುಳಿ-ಕ್ಷಾರದ ಅಳತೆ, ಅಂಕಿ ಇಳಿದಷ್ಟೂ ಹುಳಿ; ಮಣ್ಣಿನ ಪಿಎಚ್ 7 ದಾಟಿದರೆ ಬೇರಿಗೆ ಸಿಗೋ ರೂಪದ ಕಬ್ಬಿಣ ಹೆಚ್ಚುಕಡಿಮೆ ಮಾಯ. ಕೇಪುಳಕ್ಕೆ ಹಿತವಾದದ್ದು 5ರಿಂದ 6. ಅಮ್ಮನ ತವರು ಪುತ್ತೂರಿನ ಕಡೆ ಇದೇ ಗಿಡ ಮುರಕಲ್ಲಿನ ಸಂದಿಯಲ್ಲಿ, ಯಾರ ಆರೈಕೆಯೂ ಇಲ್ಲದೆ, ಗೊಂಚಲು ಗೊಂಚಲಾಗಿ ಬಿಡಲ್ವಾ? ಗುಡ್ಡೆ ದಾಸವಾಳ ಅನ್ನೋ ಹೆಸರು ಸುಮ್ಮನೆ ಬಂದದ್ದಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಸುರಿಯೋ ಮಳೆ ಅಲ್ಲಿನ ಮಣ್ಣಿನ ಸುಣ್ಣವನ್ನೆಲ್ಲ ತೊಳೆದು ಹುಳಿಯಾಗಿಟ್ಟಿದೆ. ಬೆಂಗಳೂರಿನಲ್ಲಿ ಮಳೆ ಸಾವಿರ ಮಿಲಿಮೀಟರಿನ ಆಸುಪಾಸು, ಉಳಿದ ದಿನ ನಾವೇ ಕೈಯಾರೆ ಸುಣ್ಣದ ನೀರು ಹಾಕ್ತೀವಿ.

ಹೌದು, ಬೋರ್ ನೀರು. ಮಹಡಿಯ ಕುಂಡದ ಅಂಚಿನಲ್ಲಿ ಬಿಳಿ ಹೊಪ್ಪಳೆ ಕಟ್ಟಿದೆಯಲ್ಲ, ಅದನ್ನು ಉಗುರಿನಲ್ಲಿ ಕೆರೆದು ನಾಲ್ಕು ಹನಿ ನಿಂಬೆರಸ ಬಿಡಿ. ಸಣ್ಣಗೆ ನೊರೆ ಏಳುತ್ತೆ. ಅದೇ ಸುಣ್ಣ. ನೀರು ಪರೀಕ್ಷೆ ಮಾಡಿಸಿದ ಕಾಗದದಲ್ಲಿ ಆಲ್ಕಲಿನಿಟಿ, ಅಂದರೆ ನೀರಿನ ಕ್ಷಾರದ ಅಳತೆ, ಲೀಟರಿಗೆ 300 ಮಿಲಿಗ್ರಾಂ ಅಂತಿತ್ತು. ಆ ಲೆಕ್ಕದಲ್ಲಿ 50 ಲೀಟರ್ ನೀರಿನಲ್ಲಿರೋ ಕ್ಷಾರವನ್ನು ಸರಿದೂಗಿಸೋಕೆ, ಮಣ್ಣನ್ನು ಹುಳಿ ಮಾಡೋ ಗಂಧಕ ಸುಮಾರು 5 ಗ್ರಾಂ ಬೇಕು. ಗೇಟಿನ ಗಿಡಕ್ಕೆ ನೀವು ವಾರಕ್ಕೆ ಎರಡು ಸಲ 8 ಲೀಟರ್ ಹಾಕ್ತೀರಿ, ಅಂದರೆ ಮೂರು ವಾರಕ್ಕೆ 5 ಗ್ರಾಂ ಗಂಧಕದ ಕೆಲಸ ನೀರುಪಾಲು. ಹಾಗಾಗಿ ನೀರು ಬದಲಾಗದೆ ಮಣ್ಣಿಗೆ ಏನು ಸುರಿದರೂ ಪ್ರಯೋಜನವಿಲ್ಲ.

ಕಾವೇರಿ ನೀರು ಬಂದ ದಿನ ಅದರಲ್ಲಿ ಎರಡು ಬಕೆಟ್ ಗಿಡಕ್ಕೆ ಎತ್ತಿಡಿ, ಬೋರ್ ನೀರಿಗಿಂತ ಎಷ್ಟೋ ಮೃದು. ಅಡುಗೆಮನೆ ಆರ್‌ಓ ಮಷಿನ್ನಿನ ವೇಸ್ಟ್ ನೀರನ್ನು ಅಮ್ಮ ಕುಂಡಕ್ಕೆ ಹಾಕ್ತಾಳಲ್ಲ, ಅದನ್ನು ಇವತ್ತೇ ನಿಲ್ಲಿಸಬೇಕು. ಕುಡಿಯೋ ನೀರಿನಿಂದ ತೆಗೆದ ಉಪ್ಪೆಲ್ಲ ಅದರಲ್ಲೇ ಇರುತ್ತೆ. ನೆಲ ಒರೆಸೋಕೆ, ಕಾರು ತೊಳೆಯೋಕೆ ಇಟ್ಟುಕೊಳ್ಳಲಿ. ಚಿಕ್ಕಮ್ಮನ ಅಪಾರ್ಟ್‌ಮೆಂಟಿನಲ್ಲಿ ಸಾಫ್ಟ್‌ನರ್ ಇದೆ, ಆ ನೀರು ಸೋಪಿಗೆ ಚೆನ್ನಾಗಿ ನೊರೆ ಬರುತ್ತೆ ಅಂತ ಗಿಡಕ್ಕೂ ಒಳ್ಳೇದು ಅಂದುಕೊಂಡಿದ್ದಾರೆ. ಅದರಲ್ಲಿ ಕ್ಯಾಲ್ಸಿಯಂ ಹೋಗಿ ಸೋಡಿಯಂ ಕೂತಿರುತ್ತೆ, ಕ್ಷಾರ ಹಾಗೇ ಉಳಿದಿರುತ್ತೆ. ಕೇಪುಳಕ್ಕೆ ಬೋರ್ ನೀರಿಗಿಂತಲೂ ಕೆಟ್ಟದ್ದು.

ಎಲ್ಲಕ್ಕಿಂತ ಒಳ್ಳೇದು ಮಳೆನೀರು. ತಾರಸಿ ಸಾವಿರ ಚದರಡಿ, ಅಂದರೆ 93 ಚದರ ಮೀಟರ್. 10 ಮಿಲಿಮೀಟರ್ ಮಳೆ ಬಿದ್ದರೆ, ಪೋಲಾಗೋದು ಕಳೆದು 800 ಲೀಟರ್ ಸಿಗುತ್ತೆ. ಇಂಗುಗುಂಡಿಗೆ ಹೋಗೋ ಪೈಪಿಗೆ ಒಂದು ಟೀ ಜಾಯಿಂಟ್ ಹಾಕಿಸಿ 200 ಲೀಟರಿನ ಎರಡು ಪ್ಲಾಸ್ಟಿಕ್ ಡ್ರಮ್ ಇಡಿ. ಮೊದಲ ಮಳೆಯ ಹತ್ತು ನಿಮಿಷದ ನೀರು ಹೊರಗೆ ಬಿಟ್ಟುಬಿಡಿ, ತಾರಸಿಯ ಧೂಳು, ಸಿಮೆಂಟಿನ ಪುಡಿ ಹೋಗಲಿ. ಮುಚ್ಚಳ ಬಿಗಿಯಾಗಿರಲಿ, ಸೊಳ್ಳೆ. ಗೇಟಿನ ಗಿಡಕ್ಕೂ ಎರಡು ಕುಂಡಕ್ಕೂ ಸೇರಿ ವಾರಕ್ಕೆ 30 ಲೀಟರ್ ಅಂದರೂ ಎರಡು ಡ್ರಮ್ ಹದಿಮೂರು ವಾರ ಬರುತ್ತೆ. ಸಿಮೆಂಟ್ ತೊಟ್ಟಿಯಲ್ಲಿ ಮಾತ್ರ ತುಂಬಿಡಬೇಡಿ, ಅದು ಮತ್ತೆ ಸುಣ್ಣ ಸೇರಿಸುತ್ತೆ.

ಏಪ್ರಿಲ್ ಮಳೆ ಬರೋವರೆಗೆ ಕಾವೇರಿ ನೀರು ಸಾಲದ ದಿನ ಬೋರ್ ನೀರನ್ನೇ ಹುಳಿ ಮಾಡಿ ಹಾಕಿ. 10 ಲೀಟರ್ ಬಕೆಟ್ಟಿಗೆ 3 ಗ್ರಾಂ ನಿಂಬೆ ಉಪ್ಪು, ದಿನಸಿ ಅಂಗಡಿಯ ಸಿಟ್ರಿಕ್ ಆಸಿಡ್. ಮುಕ್ಕಾಲು ಟೀ ಚಮಚಕ್ಕೆ ತುಸು ಕಡಿಮೆ. ಕಲಸಿ, ಪಿಎಚ್ ಪಟ್ಟಿ ಅದ್ದಿ ನೋಡಿದರೆ 6ರಿಂದ 6.5ರ ಬಣ್ಣ ಬರಬೇಕು. 5ಕ್ಕಿಂತ ಇಳಿದರೆ ಜಾಸ್ತಿಯಾಯಿತು. ಇದು ಎರಡು ತಿಂಗಳ ಮಟ್ಟಿಗಿನ ಉಪಾಯ ಅಷ್ಟೆ. ನಿಂಬೆ ಉಪ್ಪನ್ನು ಮಣ್ಣಿನ ಸೂಕ್ಷ್ಮಜೀವಿಗಳು ತಿಂದು ಮುಗಿಸಿದ ಮೇಲೆ ಕ್ಷಾರ ಮತ್ತೆ ತಲೆ ಎತ್ತುತ್ತೆ.

ಈಗ ಔಷಧಿ. ಗೊಬ್ಬರದ ಅಂಗಡಿಯಲ್ಲಿ ಅನ್ನಭೇದಿ ಕೇಳಿ, ಫೆರಸ್ ಸಲ್ಫೇಟ್ ಅಂದರೂ ಗೊತ್ತಾಗುತ್ತೆ. ಪೊಟ್ಟಣ ಬಿಚ್ಚಿ ನೋಡದೆ ದುಡ್ಡು ಕೊಡಬೇಡಿ. ಹರಳು ತಿಳಿ ನೀಲಿ-ಹಸಿರಾಗಿದ್ದರೆ ತಾಜಾ. ಕಂದುಬಣ್ಣಕ್ಕೆ ತಿರುಗಿದ್ದರೆ ಗಾಳಿ ತಾಗಿ ತುಕ್ಕಾಗಿದೆ, ಎಲೆಗೆ ಸೇರಲ್ಲ. ಒಂದು ಲೀಟರ್ ಫಿಲ್ಟರ್ ನೀರಿಗೆ ಮೊದಲು 1 ಗ್ರಾಂ ನಿಂಬೆ ಉಪ್ಪು, ಅದು ಕರಗಿದ ಮೇಲೆ 3 ಗ್ರಾಂ ಅನ್ನಭೇದಿ, ಎರಡು ಹನಿ ಪಾತ್ರೆ ತೊಳೆಯೋ ಲಿಕ್ವಿಡ್. ಈ ಕ್ರಮ ತಪ್ಪಿದರೆ ನೀರು ಕಲಗಚ್ಚಿನ ಹಾಗೆ ಕಂದಾಗುತ್ತೆ, ಆಗ ಚೆಲ್ಲಿ ಹೊಸದಾಗಿ ಮಾಡಿ. ಮಾಡಿದ್ದನ್ನು ಅವತ್ತೇ ಮುಗಿಸಿ. ಮೊದಲು ಒಂದೇ ರೆಂಬೆಗೆ ಹೊಡೆದು ಎರಡು ದಿನ ಕಾಯಿರಿ. ಕಪ್ಪು ಚುಕ್ಕೆ ಬಿದ್ದರೆ 2 ಗ್ರಾಮಿಗೆ ಇಳಿಸಿ. ಸಂಜೆ ಐದರ ಮೇಲೆ, ಎಲೆಯ ಅಡಿಭಾಗಕ್ಕೂ ತಾಗೋ ಹಾಗೆ, ಹತ್ತು ದಿನಕ್ಕೊಮ್ಮೆ ಮೂರು ಸಲ. ಹಳದಿ ಎಲೆಯಲ್ಲಿ ಮೊದಲು ಹನಿ ಬಿದ್ದಲ್ಲೆಲ್ಲ ಹಸಿರು ಚುಕ್ಕೆ ಕಾಣುತ್ತೆ. ಆದರೆ ಇದು ಇರೋ ಎಲೆಗೆ ಮಾತ್ರ, ಮುಂದಿನ ಚಿಗುರಿಗೆ ದಾಟಲ್ಲ.

ಬೇರಿಗೆ ಕೊಡಬೇಕಾದ್ದು ಚೀಲೇಟೆಡ್ ಕಬ್ಬಿಣ, ಅಂದರೆ ಕರಗಿದ ರೂಪದಲ್ಲೇ ಉಳಿಯೋ ಹಾಗೆ ಇನ್ನೊಂದು ರಾಸಾಯನಿಕ ಕೈಹಿಡಿದಿಟ್ಟ ಕಬ್ಬಿಣ. ಅಂಗಡಿಯವರು ಸಾಮಾನ್ಯವಾಗಿ ಇಡಿಟಿಎ ಅನ್ನೋ ಬಗೆ ಕೊಡ್ತಾರೆ, ಅದು ಪಿಎಚ್ 6.5ರ ಆಚೆ ಕಬ್ಬಿಣದ ಕೈಬಿಟ್ಟು ಸುಣ್ಣದ ಕೈ ಹಿಡಿಯುತ್ತೆ. ಪೊಟ್ಟಣದ ಮೇಲೆ ಇಡಿಡಿಎಚ್‌ಎ ಅಂತಿರೋದನ್ನೇ ಕೇಳಿ. ಬೆಲೆ ಜಾಸ್ತಿ, ಆದರೆ ಕ್ಷಾರದ ಮಣ್ಣಿನಲ್ಲೂ ನಿಲ್ಲುತ್ತೆ. ನೀರಿಗೆ ಹಾಕಿದರೆ ಕೋಕಂ ಶರಬತ್ತಿನ ಬಣ್ಣ. ಗೇಟಿನ ಗಿಡಕ್ಕೆ 10 ಗ್ರಾಂ, 8 ಲೀಟರ್ ನೀರಿನಲ್ಲಿ, ಕಾಂಡದ ಬುಡಕ್ಕಲ್ಲ, ರೆಂಬೆ ತುದಿಯ ನೇರ ಕೆಳಗೆ ಸುತ್ತಲೂ. ಹನ್ನೆರಡು ಇಂಚಿನ ಕುಂಡಕ್ಕೆ 2 ಗ್ರಾಂ ಸಾಕು. ಮೂರು ತಿಂಗಳ ಮೇಲೆ ಇನ್ನೊಂದು ಸಲ.

ಕಾಂಪೌಂಡಿಗೆ ಗಾರೆ ಮಾಡಿಸಿದಾಗ ಬಿದ್ದ ಸಿಮೆಂಟ್ ಚಕ್ಕೆ, ಇಟ್ಟಿಗೆ ಚೂರು ಬುಡದಲ್ಲೇ ಹೂತಿದೆ. ಒಂದಡಿ ಆಳಕ್ಕೆ ಜೋಪಾನವಾಗಿ ಕೆದಕಿ ಆರಿಸಿ ತೆಗೆಸಿ, ಆ ಜಾಗಕ್ಕೆ ಕೆಮ್ಮಣ್ಣು, ಎಲೆಗೊಬ್ಬರ ಸಮಸಮ ತುಂಬಿಸಿ. ಇಲ್ಲಿ ಮಯಾಮಿ ಸುತ್ತಮುತ್ತ ಬೇಲಿಗೆಲ್ಲ ಕೇಪುಳವೇ, ಇಕ್ಸೋರ ಅಂತಾರೆ. ಸಾಲಿನಲ್ಲಿ ಗೋಡೆಗೆ, ಕಾಂಕ್ರೀಟ್ ಫುಟ್‌ಪಾತಿಗೆ ಅಂಟಿದ ಗಿಡಗಳು ಮೊದಲು ಹಳದಿಯಾಗೋದು ಮಾಮೂಲು. ಇಲ್ಲಿ ನೆಲದಡಿಯ ಬಂಡೆಯೇ ಸುಣ್ಣಕಲ್ಲು, ಎಷ್ಟು ಗಂಧಕ ಹಾಕಿದರೂ ಕುಡಿದುಬಿಡುತ್ತೆ. ನಮ್ಮ ಕೆಮ್ಮಣ್ಣಿಗೆ ಆ ಶಾಪ ಇಲ್ಲ. ನೀರು ಬದಲಿಸಿದ ಮೇಲೆ ಬುಡದ ಸುತ್ತ ಎರಡಡಿ ಜಾಗಕ್ಕೆ 50 ಗ್ರಾಂ ಗಂಧಕದ ಪುಡಿ ಮೇಲ್ಮಣ್ಣಿನಲ್ಲಿ ಬೆರೆಸಿ, ಮಣ್ಣು ಒದ್ದೆಯಾಗಿಡಿ. ಅದನ್ನು ಆಮ್ಲ ಮಾಡೋದು ಬ್ಯಾಕ್ಟೀರಿಯಾ, ಆರೆಂಟು ವಾರ ಹಿಡಿಯುತ್ತೆ.

ಅಮ್ಮನಿಗೆ: ಮೊಟ್ಟೆ ಚಿಪ್ಪು ಸುಣ್ಣವೇ, ಒಲೆ ಬೂದಿ ಕ್ಷಾರ, ಎಲುಬಿನ ಪುಡಿಯ ರಂಜಕ ಕಬ್ಬಿಣವನ್ನು ಇನ್ನಷ್ಟು ಕಟ್ಟಿಹಾಕುತ್ತೆ. ಮೂರನ್ನೂ ಗುಲಾಬಿ, ಟೊಮೇಟೊ ಕಡೆ ಕಳಿಸು. ಫಿಲ್ಟರಿನ ಕಾಫಿ ಚರಟ ಹುಳಿ ಅಂತ ಎಲ್ಲರೂ ನಂಬಿದ್ದಾರೆ. ಹುಳಿಯೆಲ್ಲ ಡಿಕಾಕ್ಷನ್ನಿಗೆ ಇಳಿದುಹೋಗಿರುತ್ತೆ, ಉಳಿಯೋದು ಹೆಚ್ಚುಕಡಿಮೆ ತಟಸ್ಥ. ಕಾಂಪೋಸ್ಟಿಗೆ ಹಾಕು, ಬುಡಕ್ಕೆ ದಪ್ಪಗೆ ಮೆತ್ತಬೇಡ, ಹೆಪ್ಪುಗಟ್ಟಿ ನೀರು ಇಳಿಯಲ್ಲ. ಅಂದಹಾಗೆ ಕಾಫಿ, ಕೇಪುಳ ಎರಡೂ ಒಂದೇ ಕುಟುಂಬ. ಎದುರುಬದುರು ಎಲೆ, ಎರಡರ ನಡುವೆ ಪುಟ್ಟ ಚೂಪು ಪೊರೆ, ನೋಡಿದರೆ ಗೊತ್ತಾಗುತ್ತೆ. ಇಕ್ಸೋರ ಅನ್ನೋ ಹೆಸರಿನ ಮೂಲ ನಮ್ಮ ಈಶ್ವರನೇ, ಪೋರ್ಚುಗೀಸರ ಬಾಯಲ್ಲಿ ಹಾಗಾಯಿತು.

ಮಾಲಿ ತಿಂಗಳಿಗೊಮ್ಮೆ ದೊಡ್ಡ ಕತ್ತರಿಯಲ್ಲಿ ಬೋಳಿಸೋದನ್ನು ನಿಲ್ಲಿಸಿ. ಮೊಗ್ಗು ಹುಟ್ಟೋದೇ ಹೊಸ ಚಿಗುರಿನ ತುದಿಯಲ್ಲಿ, ಸೂಜಿ ಗೊಂಚಲಿನ ಹಾಗೆ ಕಾಣೋದನ್ನು ಅವನು ಎಲೆ ಜೊತೆ ಸವರಿಬಿಡ್ತಾನೆ. ಈಗ ಹಳದಿ ಗಿಡವನ್ನು ಕತ್ತರಿಸಲೇಬೇಡಿ. ಹಸಿರು ತಿರುಗಿದ ಮೇಲೆ, ಒಂದು ಸುತ್ತು ಹೂ ಮುಗಿದಾಗ, ಪ್ರತಿ ರೆಂಬೆಯಲ್ಲಿ ಒಂದೆರಡು ಗೆಣ್ಣು, ಒಟ್ಟು ಮೂರನೇ ಒಂದು ಭಾಗ ಮೀರದಂತೆ ತೆಗೆಸಿ. ಬಿಸಿಲು ದಿನಕ್ಕೆ ಐದಾರು ಗಂಟೆ ಬೇಕು. ಗೇಟಿನ ಹತ್ತಿರ ಅದಕ್ಕೇನೂ ಕೊರತೆಯಿಲ್ಲ.

ನಾಲ್ಕನೇ ಫೋಟೋದಲ್ಲಿ ಎಲೆ ಮೇಲೆ ಮಸಿ ಕಂಡಿತು. ಅದು ರೋಗವಲ್ಲ. ಮೇಲಿನ ರೆಂಬೆಯಲ್ಲಿ ಹಿಟ್ಟು ತಿಗಣೆ ಇದ್ದು, ಅದರ ಅಂಟು ಸಿಹಿ ಬಿದ್ದು ಬೂಷ್ಟು ಬಂದಿದೆ. ಇರುವೆ ಸಾಲು ಹತ್ತುತ್ತಿದ್ದರೆ ಖಾತ್ರಿ. ಪೈಪಿನ ನೀರು ಜೋರಾಗಿ ಬಿಟ್ಟು ತೊಳೆದು, ಲೀಟರಿಗೆ 5 ಮಿಲಿ ಬೇವಿನೆಣ್ಣೆ ಸೋಪಿನ ಜೊತೆ ವಾರಕ್ಕೊಮ್ಮೆ ಹೊಡೆಯಿರಿ. ಅನ್ನಭೇದಿ ಹೊಡೆದ ದಿನ ಬೇಡ.

ಚಿಕ್ಕಮ್ಮ ಕೇಳಿದ ಕಡ್ಡಿ ಜೂನ್ ಕೊನೆಗೆ ಕೊಡಿ. ಈಗ ಹಳದಿ ಗಿಡದ ಕಡ್ಡಿ ಬೇರು ಬಿಡೋದು ಕಷ್ಟ.

ಏಪ್ರಿಲ್ ಎರಡನೇ ವಾರ ಇದೇ ರೆಂಬೆಯ ಫೋಟೋ ಕಳಿಸಿ, ಗುರುತಿಗೆ ಈಗಲೇ ಒಂದು ದಾರ ಕಟ್ಟಿಡಿ. ನೋಡಬೇಕಾದ್ದು ದಾರದ ಮೇಲೆ ಹೊಸದಾಗಿ ಬಂದ ಎಲೆಯನ್ನು.

ಇಂತಿ,
ನಿಮ್ಮ ಮಗಳು

ತಾ.ಕ.: ಅನ್ನಭೇದಿ ನೀರು ಗೇಟಿನ ಮುಂದಿನ ಗ್ರಾನೈಟ್ ಮೇಲೆ ಬಿದ್ದು ಒಣಗಿದರೆ ತುಕ್ಕಿನ ಕಲೆ ಹೋಗೋದೇ ಇಲ್ಲ. ಹೊಡೆಯೋ ಮೊದಲು ಹಳೇ ಗೋಣಿಚೀಲ ಹಾಸಿ, ಬಿಳಿ ಪಂಚೆ ಉಟ್ಟುಕೊಂಡು ಹೋಗಬೇಡಿ.