ನಮ್ಮ ಮನೆಯ ಮಂಡಿನೋವು ಊರಿಗೆಲ್ಲ ಏಕೆ ಗೊತ್ತಾಗಬೇಕು?

ಮಾನ್ಯರೇ,

ನಾವು ಮೊಬೈಲಿನಲ್ಲಿ ಏನೇನು ನೋಡಿದೆವು ಎಂದು ಗುರುತಿಟ್ಟುಕೊಂಡು ಜಾಹೀರಾತಿನವರಿಗೆ ದಾರಿ ಮಾಡಿಕೊಡುವ ‘ಕುಕೀ’ ಎಂಬ ಸಣ್ಣ ಕಡತಗಳ ಬಗ್ಗೆ ಮೊನ್ನೆ ನಿಮ್ಮಲ್ಲಿ ಬಂದ ವರದಿ ಓದಿ ಮೈ ಉರಿಯಿತು. ಅದರಲ್ಲಿ ಬರೆದದ್ದು ಕಡಿಮೆಯೇ ಆಯಿತು.

ಹೋದ ಭಾನುವಾರ ರಾತ್ರಿ ನಮ್ಮ ಮನೆಯವರಿಗೆ ಮಂಡಿನೋವು ಜಾಸ್ತಿಯಾಯಿತು. ಬಿಸಿನೀರಿನ ಶಾಖ ಕೊಡಬಹುದೋ ಇಲ್ಲವೋ ನೋಡೋಣವೆಂದು ಮೊಬೈಲಿನಲ್ಲಿ ಒಂದು ಆರೋಗ್ಯದ ಜಾಲತಾಣ ತೆರೆದೆ. ಅರ್ಧ ಪರದೆ ಮುಚ್ಚಿಕೊಂಡು, ಕುಕೀಗಳಿಗೆ ಒಪ್ಪಿಗೆ ಕೇಳುವ ಒಂದು ಚೌಕ ಇಂಗ್ಲಿಷಿನಲ್ಲಿ ಬಂತು. ‘ಆಕ್ಸೆಪ್ಟ್ ಆಲ್’, ಅಂದರೆ ಎಲ್ಲಕ್ಕೂ ಒಪ್ಪಿಗೆ, ಎಂಬುದು ಹೆಬ್ಬೆರಳಗಲದ ಹಸಿರು ಬಟನ್. ಬೇಡ ಅನ್ನುವುದಕ್ಕೆ ಕನ್ನಡಕ ಹಾಕಿಕೊಂಡು ಹುಡುಕಿದರೂ ಜಾಗವಿಲ್ಲ. ಮಾಸಲು ಅಕ್ಷರದ ‘ಸೆಟ್ಟಿಂಗ್ಸ್’ ಒತ್ತಿದರೆ ಯಾವ್ಯಾವುದೋ ಕಂಪನಿಗಳ ಪಟ್ಟಿ. ಎಲ್ಲವೂ ಮೊದಲೇ ಆನ್, ಒಂದೊಂದಾಗಿ ನಾವು ಆಫ್ ಮಾಡಬೇಕು. ಪಕ್ಕದಲ್ಲಿ ಅವರು ನರಳುತ್ತಿದ್ದಾರೆ. ಹಸಿರು ಬಟನ್ನೇ ಒತ್ತಿದೆ.

ಸೋಮವಾರದಿಂದ ಪಂಚಾಂಗ ನೋಡಲು ಹೋದರೆ ಮಂಡಿ ಎಣ್ಣೆಯ ಜಾಹೀರಾತು, ಕ್ರಿಕೆಟ್ ಸ್ಕೋರ್ ನೋಡಲು ಹೋದರೆ ಮಂಡಿ ಬೆಲ್ಟು, ಆಪರೇಷನ್ನಿಗೆ ಕಂತಿನ ಸಾಲ ಬೇರೆ. ನೆಂಟರು ಕೂತಿದ್ದಾಗ ಮೊಮ್ಮಗ ಮೊಬೈಲು ಎತ್ತಿ ಹಿಡಿದು ‘ಅಜ್ಜೀ, ನಿನ್ನ ಮಂಡಿ ಬಂತು’ ಎಂದ. ಅವರು ಎದ್ದು ಒಳಗೆ ಹೋದರು. ಮಗಳಿಗೂ ಹೇಳದೆ ಇಟ್ಟುಕೊಂಡಿದ್ದ ನೋವು ಅದು.

ಇದಕ್ಕೆ ಒಪ್ಪಿಗೆ ಎನ್ನುತ್ತಾರೆಯೇ? ಒಪ್ಪಿಗೆ ಮುಕ್ತವಾಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯುವಂತಿರಬೇಕು, ಕೇಳುವ ಮಾತು ಕನ್ನಡದಲ್ಲೂ ಸಿಗಬೇಕು ಎಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೇ ಇದೆ. ಅದರ ನಿಯಮ ಹೊರಬಿದ್ದದ್ದು 2025ರ ನವೆಂಬರಿನಲ್ಲಿ, ಅದರ ಮೇಲೆ ಕಂಪನಿಗಳಿಗೆ 18 ತಿಂಗಳ ಗಡುವು. ‘ಬೇಡ’ ಎಂಬ ಎರಡಕ್ಷರ ಬರೆಯಲು 18 ತಿಂಗಳೇ? ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಇಳಿವಯಸ್ಸಿನಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದ್ದಕ್ಕೆ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕಾಯಿತು. ಅವರ ಶ್ರಮಕ್ಕೆ ಇದೇನಾ ಬೆಲೆ?

ನಮ್ಮ ಅಧಿಕಾರಿಗಳಿಗಂತೂ ಜನರ ಕಾಗದಪತ್ರ ಎಂದರೆ ಎಂದಿನಿಂದಲೂ ಕಸ. ಕೆಲ ವರ್ಷದ ಹಿಂದೆ ದೇವರಾಜ ಮಾರುಕಟ್ಟೆ ಬಳಿ ಕಡಲೆಕಾಯಿ ಪೊಟ್ಟಣ ಬಿಚ್ಚಿದರೆ ಯಾರದೋ ರೇಷನ್ ಕಾರ್ಡ್ ಅರ್ಜಿಯ ಜೆರಾಕ್ಸ್, ಫೋಟೊ ಸಮೇತ! ಈಗ ಕೌಂಟರ್ ಮುಚ್ಚಿ ‘ಆನ್‌ಲೈನ್‌ನಲ್ಲಿ ಮಾಡಿ’ ಎಂದು ಅಟ್ಟುತ್ತಾರೆ. ಸೈಬರ್ ಸೆಂಟರಿನ ಹುಡುಗನ ಕಂಪ್ಯೂಟರಿನಲ್ಲಿ ನಮ್ಮ ಬೀದಿಯವರ ಆಧಾರ್ ಎಲ್ಲ ಹಾಗೇ ಬಿದ್ದಿದೆ. ಯಾರು ಕೇಳುತ್ತಾರೆ?

ಸರ್ಕಾರ ಆ ಒಪ್ಪಿಗೆಯ ಚೌಕವನ್ನು ಕೂಡಲೇ ಕನ್ನಡದಲ್ಲಿ ಹಾಕಿಸಲಿ, ಇಲ್ಲ ಕುಕೀಗಳನ್ನೇ ನಿಲ್ಲಿಸಲಿ. ಮುಚ್ಚಿದ ಕೌಂಟರನ್ನೂ ತೆರೆಯಲಿ. ವಯಸ್ಸಾದವರ ಮಾನ ತೆಗೆದು ಎಣ್ಣೆ ಮಾರುವವರಿಗೂ, ಅದನ್ನು ನೋಡಿಕೊಂಡು ಕೂತವರಿಗೂ ನಾಚಿಕೆಯಾಗಬೇಕು.

— ನೊಂದ ಓದುಗ, ಕುವೆಂಪುನಗರ, ಮೈಸೂರು