ಚೆಕ್ ಕೊಟ್ಟರೆ ಸಾಲದು, ದಾರಿ ಮುಚ್ಚಬೇಕು

ಪ್ರೀತಿಯ ಮಂಜು,

ನೀನು ಕಳಿಸಿದ ಚೆಸ್ ಬೋರ್ಡಿನ ಫೋಟೋ ನೋಡಿದೆ. ಎದುರಾಳಿಯ ರಾಜ ಎ8 ಮೂಲೆಯಲ್ಲಿ ಒಂಟಿ (ಅಕ್ಷರ ಉದ್ದಸಾಲಿಗೆ, ಅಂಕಿ ಅಡ್ಡಸಾಲಿಗೆ). ನಿನ್ನ ಮಂತ್ರಿ ಬಿ6ರಲ್ಲಿದೆ. ಚೆಕ್ ಇಲ್ಲ, ಅಂದರೆ ರಾಜನ ಮೇಲೆ ನೇರ ದಾಳಿ ಇಲ್ಲ, ಆದರೆ ಎ7, ಬಿ7, ಬಿ8 ಮೂರೂ ಮನೆ ಬಂದ್. ನಡೆಸಲು ಬೇರೆ ಕಾಯಿಯೂ ಅವನಿಗಿಲ್ಲ. ಹಾಗಾಗಿ ಅದು ಸ್ಟೇಲ್‌ಮೇಟ್, ಆಟ ಡ್ರಾ. ಬೇಜಾರಾಗುವುದು ಸಹಜ ಕಣೋ.

ಚೆಕ್ ಬಿದ್ದಾಗ ಉಳಿಯಲು ಮೂರೇ ದಾರಿ. ರಾಜ ಸರಿಯಬೇಕು, ನಡುವೆ ಕಾಯಿ ಅಡ್ಡ ಇಡಬೇಕು, ಇಲ್ಲವೇ ಚೆಕ್ ಕೊಟ್ಟ ಕಾಯಿಯನ್ನೇ ಹೊಡೆಯಬೇಕು. ಮೂರೂ ಆಗದಿದ್ದರೆ ಚೆಕ್‌ಮೇಟ್. ಕುದುರೆಯ ಚೆಕ್‌ಗೆ ಅಡ್ಡ ಇಡುವ ಮಾತೇ ಇಲ್ಲ, ಅದು ಹಾರಿ ಬರುತ್ತದೆ ಅಲ್ವಾ?

ನೀನು ಸಿಕ್ಕಿದಲ್ಲೆಲ್ಲ ಚೆಕ್ ಕೊಡುತ್ತೀಯ. ಸುಮ್ನೆ ಕೊಟ್ಟ ಚೆಕ್‌ನಿಂದ ರಾಜ ಎಷ್ಟೋ ಸಲ ಇನ್ನೂ ಒಳ್ಳೆಯ ಜಾಗಕ್ಕೆ ಓಡಿಬಿಡುತ್ತಾನೆ. ಮೊದಲು ಅವನ ಸುತ್ತಲಿನ ಮನೆಗಳನ್ನು ನೋಡು. ಯಾವುದು ತೆರೆದಿದೆ, ಅದನ್ನು ಮುಚ್ಚು.

ಎರಡು ಆನೆಗಳಿಂದ ಶುರು ಮಾಡು. ರಾಜ ಐದನೇ ಸಾಲಿನಲ್ಲಿದ್ದಾನೆ ಅಂದುಕೋ. ಒಂದು ಆನೆ ನಾಲ್ಕನೇ ಸಾಲನ್ನು ಗೋಡೆಯಂತೆ ಕಾಯಲಿ. ಇನ್ನೊಂದು ಐದಕ್ಕೆ ಬಂದು ಚೆಕ್ ಕೊಟ್ಟರೆ ಅವನು ಆರಕ್ಕೆ ಹೋಗಲೇಬೇಕು. ಆಮೇಲೆ ಹಿಂದಿನ ಆನೆ ಆರಕ್ಕೆ. ಹೀಗೇ ಎಂಟನೇ ಸಾಲಿನವರೆಗೆ ಅಟ್ಟು. ರಾಜ ಆನೆಯ ಮೈಮೇಲೆ ಬಂದರೆ ಗಾಬರಿ ಬೇಡ, ಅದನ್ನು ಅದೇ ಸಾಲಿನ ಆ ತುದಿಗೆ ಕಳಿಸು.

ಮಂತ್ರಿ ಒಂದರಿಂದಲೇ ಒಂಟಿ ರಾಜನಿಗೆ ಮೇಟ್ ಆಗುವುದಿಲ್ಲ. ನಿನ್ನ ರಾಜನೂ ನಡೆದು ಬರಬೇಕು. ನಿನ್ನ ಆಟದಲ್ಲಿ ಮಂತ್ರಿ ಡಿ7ರಲ್ಲಿ ನಿಂತಿದ್ದರೆ ಸಾಕಿತ್ತು. ಎದುರಾಳಿಯ ರಾಜ ಎ8, ಬಿ8 ಮಧ್ಯೆ ಓಡಾಡಿಕೊಂಡಿರುತ್ತಿದ್ದ. ಅಷ್ಟರಲ್ಲಿ ನಿನ್ನ ರಾಜ ಬಿ6ಕ್ಕೆ, ಆಮೇಲೆ ಮಂತ್ರಿ ಬಿ7ಕ್ಕೆ. ಮುಗೀತು!

ನಾಲ್ಕೇ ನಡೆಯ ಮೇಟ್ ಕಲಿಸು ಅಂತ ಕೇಳಿದ್ದೀಯ. ಅದರ ಹಿಂದೆ ಬೀಳಬೇಡ. ತಿಳಿದವರು ಸುಲಭವಾಗಿ ತಡೆಯುತ್ತಾರೆ, ಆಮೇಲೆ ನಿನ್ನ ಮಂತ್ರಿಯನ್ನೇ ಅಟ್ಟಾಡಿಸುತ್ತಾರೆ. 2024ರಲ್ಲಿ ಸಿಂಗಪುರದಲ್ಲಿ ಗುಕೇಶ್ ವಿಶ್ವ ಚಾಂಪಿಯನ್ ಆದ ಆಟದಲ್ಲಿ ಬೋರ್ಡಿನ ಮೇಲೆ ಮೇಟ್ ಬರಲೇ ಇಲ್ಲ. 55ನೇ ನಡೆಯಲ್ಲಿ ಎದುರಾಳಿ ಡಿಂಗ್ ಲಿರೆನ್ ಆನೆಯನ್ನು ತಪ್ಪು ಮನೆಗೆ ಇಟ್ಟರು. ಆನೆ, ಒಂಟೆ ಎಲ್ಲ ಹೊಡೆದಾಡಿಕೊಂಡು ಹೋದ ಮೇಲೆ ಗುಕೇಶ್‌ಗೆ ಒಂದು ಕಾಲಾಳು ಜಾಸ್ತಿ ಉಳಿಯಿತು. ಅದು ಕೊನೆಯ ಸಾಲು ಮುಟ್ಟಿ ಮಂತ್ರಿಯಾಗುವುದು ಡಿಂಗ್‌ಗೆ ಗೊತ್ತಿತ್ತು, ಸೋಲೊಪ್ಪಿಕೊಂಡರು. ಹಾಗಾಗಿ ಒಂದು ಕಾಲಾಳನ್ನೂ ಸುಮ್ನೆ ಬಿಟ್ಟುಕೊಡಬೇಡ.

ಭಾನುವಾರ ಮನೆಗೆ ಬಾ. ವೈಟ್‌ಫೀಲ್ಡ್‌ನಿಂದ ಮೆಟ್ರೋ ಹತ್ತು, ಮೆಜೆಸ್ಟಿಕ್‌ನಲ್ಲಿ ಬದಲಿಸಿ ನ್ಯಾಷನಲ್ ಕಾಲೇಜ್‌ನಲ್ಲಿ ಇಳಿ. ಒಂಟಿ ರಾಜ ನನಗಿರಲಿ, ಮಂತ್ರಿ ನಿನಗೆ.

ನಿನ್ನ,
ಸೀನ